ನೀಮಾಳ ಮೇಲೆ ನೀರು ಸುರಿದ ಸೋಮವಾರ

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಮುಖ ಕಿವುಚಬಾರದು. ನಮ್ಮ ಗುಡೇಕೋಟೆಯಲ್ಲಿ ನನ್ನನ್ನು ಸುಮಲತಾ ಎಂದು ಕರೆಯುವವರು ಕಡಿಮೆ, ‘ಮೆಣಸಿನಕಾಯಿ’ ಎನ್ನುವವರೇ ಜಾಸ್ತಿ. ಆದರೆ ಆ ದಿನ ನೀಮಾ ತನ್ನ ಕರೆಂಟಿನ ಕೆಟಲನ್ನು ನನ್ನ ಕೈಗಿಟ್ಟು, "ಇದು ನಿನಗೆ. ಮೇ ತಿಂಗಳ ರಜೆಗೆ ಊರಿಗೆ ಹೋದರೆ ನಾನು ಮತ್ತೆ ಬರುವುದಿಲ್ಲ" ಅಂದಳಲ್ಲ, ಆಗ ಬಂದ ಸಿಟ್ಟೇ ಬೇರೆ. ಮೊದಲು ಬಂದದ್ದು ಹೆದರಿಕೆ. ಅದು ಬಾಯಿಗೆ ಬರುವಷ್ಟರಲ್ಲಿ ಸಿಟ್ಟಾಗಿತ್ತು.

ನೀಮಾ ಟಾಂಜಾನಿಯಾದವಳು. ದೊಡೋಮಾ ಎಂಬ ಊರಿನ ಪಕ್ಕದ ಹಳ್ಳಿ ಅವಳದು. ಅವಳ ದೊಡ್ಡಪ್ಪನ ಮಗ ಹಿಂದೆ ದಾವಣಗೆರೆಯಲ್ಲಿ ಓದಿಹೋಗಿದ್ದನಂತೆ. ಆ ಕಡೆ ಜನ ಒಳ್ಳೆಯವರು, ಊಟ ಮಾತ್ರ ಖಾರ ಎಂದು ಹೇಳಿ ಇವಳನ್ನು ಹರಪನಹಳ್ಳಿಯ ಫಾರ್ಮಸಿ ಕಾಲೇಜಿಗೆ ಕಳಿಸಿದ್ದ. ನಾವಿಬ್ಬರೂ ಗುರುಬಸಮ್ಮ ಎಂಬ ಅಜ್ಜಿಯ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆವು. ಲ್ಯಾಬಿನಲ್ಲೂ ನಮ್ಮದು ಒಂದೇ ಮೇಜು. ತಕ್ಕಡಿಯ ಮುಂದೆ ನನ್ನ ಕೈ ನಡುಗುತ್ತದೆ, ಅವಳದು ನಡುಗುವುದಿಲ್ಲ. ಪರೀಕ್ಷೆಯ ಹಿಂದಿನ ದಿನ ನಾನು ಫೇಲಾಗಿಯೇ ಬಿಟ್ಟೆ ಎಂದು ಅಳುತ್ತ ಕೂತರೆ, ಇದೇ ಕೆಟಲಿನಲ್ಲಿ ಶುಂಠಿ ಟೀ ಕಾಸಿ ಕೊಟ್ಟು, "ಅತ್ತು ಮುಗಿಸು, ಆಮೇಲೆ ಓದೋಣ" ಎನ್ನುವವಳು ಅವಳು. ಅಂಥವಳು ಹೋಗುತ್ತೇನೆ ಎಂದರೆ ನಾನು ಸುಮ್ಮನೆ ಕೆಟಲ್ ಇಸಿದುಕೊಳ್ಳಬೇಕೇನು?

"ಯಾಕ್ಲೇ? ಯಾರು ಏನಂದ್ರು ನಿನಗ? ಹೆಸರು ಹೇಳು, ಈಗ್ಲೇ ಹೋಗಿ ಅವರ ಮನಿ ಮುಂದ ನಿಂದರ್ತೀನಿ" ಅಂದೆ. ನಾವು ಮಾತಾಡುವುದು ಇಂಗ್ಲಿಷಿನಲ್ಲಿ, ಅವಳದು ಸರಿಯಾದದ್ದು, ನನ್ನದು ಕುಂಟು. ಸಿಟ್ಟು ಬಂದಾಗ ಮಾತ್ರ ನಾನು ಕನ್ನಡಕ್ಕೆ ಇಳಿಯುತ್ತೇನೆ. ಅವಳಿಗೆ ಅದೂ ತಿಳಿಯುತ್ತದೆ, ಅಜ್ಜಿಯ ಜೊತೆ ಅಷ್ಟಿಷ್ಟು ಮಾತಾಡುತ್ತಾಳೆ ಕೂಡ.

"ಯಾರೂ ಏನೂ ಅನ್ನಲಿಲ್ಲ, ಸುಮಾ. ಅದೇ ಕಷ್ಟ" ಅಂದಳು.

ಆಮೇಲೆ ಅವಳು ಅರ್ಚನಾಳ ಹುಟ್ಟುಹಬ್ಬದ ಸುದ್ದಿ ತೆಗೆದಳು. ಅರ್ಚನಾ ನಮ್ಮ ಕ್ಲಾಸಿನವಳು, ಹಗರಿಬೊಮ್ಮನಹಳ್ಳಿಯ ಹುಡುಗಿ. ಹೋದ ತಿಂಗಳು ಕಾಲೇಜಿನ ಬೇವಿನಮರದ ಕೆಳಗೆ ಕೇಕ್ ಕತ್ತರಿಸಿದ್ದೆವು. ನಮ್ಮ ಕಡೆ ಕೇಕು ಹೊಟ್ಟೆಗೆ ಹೋಗುವುದು ಎಲ್ಲಿ, ಅರ್ಧ ಮುಖಕ್ಕೇ ಹೋಗುತ್ತದೆ. ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಹೋಗಿ ಹಣೆ, ಕಿವಿ, ಕೂದಲು ಎನ್ನದೆ ಮೆತ್ತಿದೆವು. ನನ್ನ ಕಿವಿಯೊಳಗಿನ ಕ್ರೀಮು ಮಾರನೇ ದಿನ ಬಂತು.

"ನನಗೆ ಮಾತ್ರ ಪ್ಲೇಟಿನಲ್ಲಿ ಕೊಟ್ಟರು" ಅಂದಳು ನೀಮಾ. "ಚಮಚ ಇಟ್ಟು, ಟಿಶ್ಯೂ ಪೇಪರ್ ಇಟ್ಟು, ಕುರ್ಚಿ ಹಾಕಿ ಕೂರಿಸಿ ಕೊಟ್ಟರು. ಎಲ್ಲರ ಮುಖದ ಮೇಲೂ ಕೇಕಿತ್ತು. ನನ್ನ ಮುಖ ಒಂದೇ ಸ್ವಚ್ಛ. ರೂಮಿಗೆ ಬಂದ ಮೇಲೆ ನೀನು ಮುಖ ತೊಳೆಯುತ್ತಿದ್ದೆಯಲ್ಲ, ನಿನ್ನ ಪಕ್ಕ ನಿಂತು ನಾನೂ ತೊಳೆದುಕೊಂಡೆ. ನೀನು ಗಮನಿಸಲಿಲ್ಲ."

ನಾನು ಗಮನಿಸಿರಲಿಲ್ಲ, ನಿಜ.

"ಇಲ್ಲಿ ಎಲ್ಲರೂ ನನಗೆ ಮರ್ಯಾದೆ ಕೊಡುತ್ತಾರೆ. ಅಜ್ಜಿ ಕೂಡ. ಓಣಿಯವರನ್ನೆಲ್ಲ ಬೈಯುವ ಅಜ್ಜಿ ನನ್ನನ್ನು ಒಂದು ದಿನವೂ ಬೈದಿಲ್ಲ. ಬಂದವರ ಹಾಗೆಯೇ ಎಷ್ಟು ದಿನ ಇರಲಿ? ಬಂದವರು ಹೋಗಲೇಬೇಕಲ್ಲ."

ಅದೂ ನಿಜವೇ. ಗುರುಬಸಜ್ಜಿಯ ಬಾಯಿಗೆ ಇಡೀ ಓಣಿ ಹೆದರುತ್ತದೆ. ಹಾಲಿನವನಿಗೆ ಬೈಗಳು, ನೀರು ಬಿಡುವವನಿಗೆ ಬೈಗಳು, ನನಗಂತೂ ದಿನಾ ಎರಡು ಹೊತ್ತು ಊಟದ ಜೊತೆ ಬೈಗಳು. ಬೇಸಿಗೆ ಬಂದರೆ ಹರಪನಹಳ್ಳಿಯಲ್ಲಿ ನಲ್ಲಿಯ ನೀರು ವಾರಕ್ಕೊಮ್ಮೆ ಬಂದರೆ ಪುಣ್ಯ. ಅಂಗಳದ ಸಂಪಿನ ಮುಚ್ಚಳಕ್ಕೆ ಅಜ್ಜಿ ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಾರೆ. ನಾನು ಒಂದು ತಂಬಿಗೆ ಜಾಸ್ತಿ ತೆಗೆದರೆ, "ಏನ್ಲೇ, ನಿಮ್ಮಪ್ಪ ಇಲ್ಲಿ ಹೊಳಿ ತಂದು ಬಿಟ್ಟಾನೇನ?" ಎಂದು ಶುರು. ನೀಮಾ ಬಕೆಟ್ ಹಿಡಿದು ಬಂದರೆ ಮಾತ್ರ, "ತಗೋರಿ ಯವ್ವಾ, ಇನ್ನೊಂದೀಟು ತಗೋರಿ, ಪರದೇಶದ ಕೂಸು" ಎನ್ನುತ್ತಾರೆ. ನನಗೆ ಅದನ್ನು ಕಂಡು ಹೊಟ್ಟೆಕಿಚ್ಚಾಗುತ್ತಿತ್ತು. ನೀಮಾ ಒಂದು ಹನಿಯನ್ನೂ ಜಾಸ್ತಿ ತೆಗೆಯುತ್ತಿರಲಿಲ್ಲ.

ಮಾತು ತಿರುಗಿಸೋಣ ಎಂದು, "ನಿನ್ನ ಹುಟ್ಟುಹಬ್ಬ ಯಾವಾಗ?" ಎಂದು ಕೇಳಿದೆ.

"ಬರುವ ಸೋಮವಾರ."

"ಅಯ್ಯ ನಿನ್ನ! ಹೇಳಬಾರದೇನ? ನಿಮ್ಮಲ್ಲಿ ಏನು ಮಾಡ್ತಾರ, ಕೇಕಾ?"

ಅವಳು ನಕ್ಕಳು. ಆ ಸಂಜೆ ಅವಳು ನಕ್ಕಿದ್ದು ಅದೊಂದೇ ಸಲ. ಅವರ ಊರಿನಲ್ಲಿ ಕೇಕು ಆಮೇಲಂತೆ, ಮೊದಲು ನೀರಂತೆ. ಹುಟ್ಟುಹಬ್ಬದವರು ಬೆಳಗಿನಿಂದ ಅತ್ತಿತ್ತ ನೋಡಿಕೊಂಡು ಓಡಾಡಬೇಕು, ಯಾಕೆಂದರೆ ಗೆಳತಿಯರು ಬಾಗಿಲ ಹಿಂದೆ, ಗೋಡೆಯ ಮರೆಯಲ್ಲಿ ಬಕೆಟ್ ಹಿಡಿದು ಕಾಯುತ್ತಿರುತ್ತಾರೆ. ಸಿಕ್ಕ ತಕ್ಷಣ ಉಟ್ಟ ಬಟ್ಟೆಯ ಮೇಲೇ ದಬದಬ ಸುರಿಯುವುದು. "ನಮ್ಮದೂ ನಿಮ್ಮ ಹಾಗೆ ಒಣ ಊರು. ನೀರನ್ನು ದೂರದಿಂದ ಹೊತ್ತು ತರಬೇಕು. ಆದರೂ ಆ ದಿನ ಯಾರೂ ನೀರಿಗೆ ಲೆಕ್ಕ ಹಾಕುವುದಿಲ್ಲ. ಹೋದ ವರ್ಷ ನನ್ನ ಕ್ಲಾಸಿನವರು ಒಂದು ಡ್ರಮ್ಮನ್ನೇ ಉರುಳಿಸಿಕೊಂಡು ಬಂದಿದ್ದರು." ಕಿಟಕಿಯ ಕಡೆ ತಿರುಗಿ, "ಈ ವರ್ಷ ಒಣಗಿಕೊಂಡೇ ಇರುತ್ತೇನೆ" ಅಂದಳು.

ಇರುತ್ತಾಳಂತೆ ಒಣಗಿಕೊಂಡು! ನೋಡೇಬಿಡೋಣ ಅಂದುಕೊಂಡೆ.

ಮಾರನೇ ದಿನ ನೀಮಾ ಲೈಬ್ರರಿಗೆ ಹೋದಾಗ ಮೂವರನ್ನು ಬೇವಿನಮರದ ಕೆಳಗೆ ಸೇರಿಸಿದೆ. ಅರ್ಚನಾ, ಕೊಟ್ಟೂರಿನ ಗುರುಶಾಂತ, ಹಡಗಲಿಯ ತಿಪ್ಪೇಶ. ವಿಷಯ ಹೇಳಿದೆ.

"ನೀರಾ?" ಗುರುಶಾಂತ ಕಣ್ಣು ಬಿಟ್ಟ. "ಬ್ಯಾರೆ ಏನರ ಕೇಳು ತಾಯಿ. ಮಂಡಕ್ಕಿ ಮಿರ್ಚಿ ಅನ್ನು, ಚೀಲ ತುಂಬಿ ಹೊತ್ಕಂಡು ಬರ್ತೀನಿ. ಈ ಏಪ್ರಿಲ್‌ನಾಗ ನೀರು ಅಂದ್ರ ಎಲ್ಲಿಂದ ತರೋದು?"

"ನಿಮ್ಮ ಅಜ್ಜಿ ಸಂಪಿನಾಗ ಐತಲ್ಲ" ಅಂದ ತಿಪ್ಪೇಶ.

"ಬೀಗ ನಿಮ್ಮಪ್ಪ ತೆಗೀತಾನೇನು? ಅದನ್ನ ಮುಟ್ಟಂಗಿಲ್ಲ. ಅದು ಮನಿಮಂದಿ ಕುಡಿಯೋ ನೀರು" ಅಂದೆ.

ಪ್ಲೇಟಿನ ವಿಷಯ ಕೇಳಿದಾಗಿನಿಂದ ಅರ್ಚನಾಳ ಮುಖ ಸಣ್ಣದಾಗಿತ್ತು. "ಆ ಪ್ಲೇಟು ಕೊಟ್ಟಾಕಿ ನಾನ" ಅಂದಳು ಕಡೆಗೆ. "ಆಕೀ ಮುಖಕ್ಕ ಕೈ ಹಚ್ಚಿದ್ರ ಎಲ್ಲಿ ಬೇಜಾರು ಮಾಡ್ಕೊಂತಾಳೋ ಅಂತ ಹೆದರಿದೆ. ನಾನು ಊರಿಂದ ಒಂದು ಕೊಡ ತರ್ತೀನಿ. ನಮ್ಮಲ್ಲಿ ಡ್ಯಾಮಿನ ನೀರು ಐತಿ. ನೀವು ತಂದ್ರ ತರ್ರಿ, ಬಿಟ್ರ ಬಿಡ್ರಿ."

ಅಲ್ಲಿಗೆ ದಾರಿ ಸಿಕ್ಕಿತು. ಭಾನುವಾರದ ರಜೆಗೆ ಹೇಗೂ ಎಲ್ಲರೂ ಊರಿಗೆ ಹೋಗುತ್ತೇವೆ, ಸೋಮವಾರ ಬೆಳಿಗ್ಗೆ ಬಸ್ಸಿಗೆ ಬರುತ್ತೇವೆ. ಬರುವಾಗ ಅವರವರ ಊರಿನ ನೀರು ತರುವುದು. ತಿಪ್ಪೇಶ ಎದೆಯುಬ್ಬಿಸಿ, "ನಮ್ಮಲ್ಲಿ ತುಂಗಭದ್ರಾ ಹರೀತಾಳಲೇ, ನಿಮ್ಮಂಗ ಕೊಳವಿಬಾವಿ ಅಲ್ಲ" ಅಂದ. ಹಡಗಲಿಯವರ ಜಂಭವೇ ಅಷ್ಟು, ಒಮ್ಮೆ ಹೊಳೆ, ಒಮ್ಮೆ ಮಲ್ಲಿಗೆ.

ಶನಿವಾರ ನಾನು ಬ್ಯಾಗು ಹೆಗಲಿಗೇರಿಸಿದಾಗ ನೀಮಾ ಕಿಟಕಿಯ ಹತ್ತಿರ ಕೂತಿದ್ದಳು. ಹುಟ್ಟುಹಬ್ಬಕ್ಕೆ ಇರುತ್ತೀಯಾ ಎಂದು ಕೇಳಲಿಲ್ಲ. ಕೇಳಿದ್ದರೆ ನಾನು ಎಲ್ಲ ಬಾಯಿಬಿಡುತ್ತಿದ್ದೆ. "ಸೋಮವಾರ ಸೀದಾ ಕಾಲೇಜಿಗೆ ಬರುತ್ತೇನೆ" ಎಂದು ಸುಳ್ಳು ಹೇಳಿ ಹೊರಟೆ. ಅವಳು ತಲೆ ಆಡಿಸಿದಳು. ಅವಳ ಸೂಟ್‌ಕೇಸು ಮಂಚದ ಕೆಳಗಿನಿಂದ ಹೊರಗೆ ಬಂದು ಬಾಗಿಲ ಪಕ್ಕ ನಿಂತಿತ್ತು. ದಾರಿಯುದ್ದಕ್ಕೂ ನನಗೆ ಅದೇ ಕಣ್ಣಿಗೆ ಕಟ್ಟಿತ್ತು.

ಗುಡೇಕೋಟೆಯ ಗುಡ್ಡದ ಬಂಡೆಗಳ ನಡುವೆ ಒಂದು ದೊಣೆ ಇದೆ, ಕಲ್ಲಿನ ಹೊಂಡ. ಎಂಥ ಬೇಸಿಗೆಯಲ್ಲೂ ತಳದಲ್ಲಿ ಒಂದಿಷ್ಟು ನೀರು ಉಳಿದಿರುತ್ತದೆ. ಭಾನುವಾರ ಇಳಿಹೊತ್ತಿಗೆ ಹತ್ತಿ, ಎರಡು ದೊಡ್ಡ ಬಾಟಲಿ ತುಂಬಿಸಿ ತಂದೆ. ಅವ್ವ ನೋಡಿ, "ಇದನ್ಯಾಕ ಹರಪನಹಳ್ಳಿಗೆ ಒಯ್ತೀ? ಕರಡಿ ಕುಡಿಯೋ ನೀರು" ಅಂದಳು.

"ಲ್ಯಾಬಿಗೆ ಬೇಕವ್ವಾ, ಟೆಸ್ಟ್ ಮಾಡ್ತಾರ."

"ಕರಡಿ ಕುಡಿದ್ರೂ ಏನಾಗಿಲ್ಲ ಅಂತ ಬರೀರಿ" ಎಂದು ಅವ್ವ ರೊಟ್ಟಿ ಕಟ್ಟಿಕೊಟ್ಟಳು.

ಸೋಮವಾರ ಬೆಳಗಿನ ಬಸ್ಸು ಕೂಡ್ಲಿಗಿ ದಾಟಿ ಕೊಟ್ಟೂರಿಗೆ ಬರುವಷ್ಟರಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಲ್ಲಿ ಗುರುಶಾಂತ ಹತ್ತಿದ, ಎದೆಗೆ ಒಂದು ದೊಡ್ಡ ಬಾಟಲಿ ಅವಚಿಕೊಂಡು. ಮನೆಯ ಬಾವಿಯ ನೀರಂತೆ. ಅವನ ಅವ್ವ ಅದಕ್ಕೆ ಒಂದು ಚಿಟಿಕೆ ವಿಭೂತಿಯನ್ನೂ ಹಾಕಿ ಕೊಟ್ಟಿದ್ದರಂತೆ. ಅವನು ನಿಂತ ಜಾಗದ ಪಕ್ಕದಲ್ಲಿ ಒಬ್ಬ ಮುದುಕಿ, ಮಡಿಲಲ್ಲಿ ಒಂದು ಕೂಸು. ಕೂಸು ಬಾಟಲಿಯನ್ನೇ ನೋಡಿ ಅಳತೊಡಗಿತು. ಗುರುಶಾಂತ ನನ್ನ ಕಡೆ ನೋಡಿದ. ನಾನು ಕಣ್ಣಲ್ಲೇ ಹೆದರಿಸಿದೆ. ಅವನು ಆ ಕಡೆ ತಿರುಗಿ ಮುಚ್ಚಳ ತೆಗೆದೇಬಿಟ್ಟ. ಕೂಸು ಕುಡಿಯಿತು, ಮುದುಕಿ ಕುಡಿದಳು, ಹಿಂದಿನ ಸೀಟಿನವರೊಬ್ಬರು ಕೈ ಚಾಚಿ ಅವರೂ ಕುಡಿದರು. ಹರಪನಹಳ್ಳಿಯಲ್ಲಿ ಇಳಿದಾಗ ಕಾಲು ಬಾಟಲಿ ಉಳಿದಿತ್ತು. "ಬೈಬ್ಯಾಡ ಮತ್ತ. ಕೂಸು ಅಳ್ತಿದ್ರ ಏನ್ ಮಾಡ್ಲಿ?" ಅಂದ. ಬೈಯಬೇಕೆಂದು ಬಾಯಿ ತೆಗೆದೆ, ಆಗಲಿಲ್ಲ. ಅವನ ಬೆನ್ನಿಗೊಂದು ಗುದ್ದಿದೆ.

ಬಸ್‌ಸ್ಟ್ಯಾಂಡಿನಲ್ಲಿ ಅರ್ಚನಾ ಸ್ಟೀಲಿನ ಕೊಡ ಸೊಂಟದ ಮೇಲಿಟ್ಟು ನಿಂತಿದ್ದಳು, ಹೆಗಲಲ್ಲಿ ಕಾಲೇಜಿನ ಬ್ಯಾಗು ಬೇರೆ. ದಾರಿಯಲ್ಲಿ ಅರ್ಧ ತುಳುಕಿ ಅವಳ ಚೂಡಿದಾರದ ಒಂದು ಮಗ್ಗುಲು ತೊಯ್ದಿತ್ತು. ತಿಪ್ಪೇಶ ತಂದದ್ದು ಅಡುಗೆ ಎಣ್ಣೆಯ ಐದು ಲೀಟರಿನ ಕ್ಯಾನು. ಮುಚ್ಚಳ ತೆಗೆದರೆ ಶೇಂಗಾ ಎಣ್ಣೆ ಘಮ್ಮೆಂದಿತು. "ಏನ್ಲೇ ಇದು? ನಿಮ್ಮ ಹೊಳ್ಯಾಗ ಬಜ್ಜಿ ಕರೀತಾರೇನ?" ಎಂದು ಕೇಳಿದೆ. "ಎರಡು ಸಲ ತೊಳದೀನಿ ಮಾರಾಯ್ತಿ" ಅಂದ.

ಹಿತ್ತಿಲ ಬಾಗಿಲಿಂದ ಕಳ್ಳಹೆಜ್ಜೆ ಇಟ್ಟು ಒಳಗೆ ಹೋದೆವು. ಮುಂದಿನ ಕೋಣೆಯಲ್ಲಿ ಅಜ್ಜಿ ಪೂಜೆಗೆ ಕೂತ ಗಂಟೆಯ ಸದ್ದು ಕೇಳುತ್ತಿತ್ತು. ನೀಮಾ ಅಂಗಳದಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದಳು. ಹಳದಿ ಅಂಗಿ ತೊಟ್ಟಿದ್ದಳು. ಕೂದಲನ್ನು ಸಣ್ಣ ಸಣ್ಣ ಸಾಲು ಜಡೆಗಳಾಗಿ ಹೊಸದಾಗಿ ಹೆಣೆದುಕೊಂಡಿದ್ದಳು. ಯಾರೂ ಬರುವುದಿಲ್ಲ ಎಂದು ಗೊತ್ತಿದ್ದೂ ಅಷ್ಟು ಸಿಂಗಾರ ಮಾಡಿಕೊಂಡಿದ್ದಳಲ್ಲ, ಅದನ್ನು ನೋಡಿ ನನ್ನ ಕಣ್ಣು ತುಂಬಿತು. ಅರ್ಚನಾ ನನ್ನನ್ನು ಪಕ್ಕಕ್ಕೆ ಸರಿಸಿ ಮುಂದೆ ಹೋದಳು. ಮೊದಲ ನೀರು ಅವಳದೇ ಆಗಬೇಕಿತ್ತು. ಹಿಂದಿನಿಂದ ಕೊಡ ಎತ್ತಿ ಒಮ್ಮೆಲೇ ಬೋರಲು ಹಾಕಿದಳು.

ನೀಮಾ ಕಿರುಚಿದ ಸದ್ದಿಗೆ ಗೋಡೆಯ ಮೇಲಿನ ಬೆಕ್ಕು ಆಚೆ ಹಾರಿತು. ತಿರುಗಿ ನೋಡುವಷ್ಟರಲ್ಲಿ ನನ್ನ ದೊಣೆಯ ನೀರು, ಅದರ ಹಿಂದೆ ತಿಪ್ಪೇಶನ ಕ್ಯಾನು ಗುಳುಗುಳು ಎಂದು. ಗುರುಶಾಂತ ತನ್ನ ಕಾಲು ಬಾಟಲಿಯನ್ನು ತೀರ್ಥದ ಹಾಗೆ ಚಿಮುಕಿಸಿದ. ನೀಮಾ ನಮ್ಮ ನಾಲ್ವರನ್ನೂ, ಕೊಡವನ್ನೂ, ಕ್ಯಾನನ್ನೂ ನೋಡಿದಳು. ಎರಡೂ ಕೈ ಬಾಯಿಯ ಮೇಲಿಟ್ಟುಕೊಂಡು ನಿಂತುಬಿಟ್ಟಳು. ನಾನು ಹೇಳಿದೆ: "ಇದು ಹಗರಿಬೊಮ್ಮನಹಳ್ಳಿದು, ಇದು ಗುಡೇಕೋಟಿದು, ಇದು ಹಡಗಲಿ ಹೊಳಿದು, ಅದು ಕೊಟ್ಟೂರಿದು, ಉಳಿದದ್ದು ಬಸ್ಸಿನಾಗ ಕುಡದ್ರು." ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ, ಆ ನೀರಿನಲ್ಲಿ ತಿಳಿಯುವ ಹಾಗಿರಲಿಲ್ಲ.

ಅಷ್ಟರಲ್ಲಿ ಹಿಂದಿನಿಂದ, "ಲೇ ಹಾಳಾದವ್ರಾ!" ಎಂಬ ಕೂಗು.

ಗುರುಬಸಜ್ಜಿ ಹಣೆಯ ತುಂಬ ವಿಭೂತಿ ಹಚ್ಚಿಕೊಂಡು, ಕೈಯಲ್ಲಿ ಮಜ್ಜಿಗೆ ಕಡೆಯುವ ಕಡಗೋಲು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅವರ ಕಣ್ಣಿಗೆ ಬಿದ್ದದ್ದೇನು? ನಡುವೆ ತೊಯ್ದು ತೊಪ್ಪೆಯಾದ ನೀಮಾ, ಸುತ್ತ ಖಾಲಿ ಕೊಡ ಹಿಡಿದ ನಾವು. "ಪರದೇಶದ ಕೂಸು, ಕೇಳವ್ರಿಲ್ಲ ಅಂತ ಹಿಂಗ ಆಟ ಆಡ್ತೀರೇನ್ಲೇ? ರ್‍ಯಾಗಿಂಗ್ ಮಾಡ್ತೀರೇನ್ಲೇ ನನ್ನ ಮನ್ಯಾಗ?" ಎನ್ನುತ್ತ ಗುರುಶಾಂತನ ಬೆನ್ನಿಗೆ ಕಡಗೋಲಿನಿಂದ ಎರಡು ಬಿಟ್ಟರು. ಪಾಪ, ಎಲ್ಲರಿಗಿಂತ ಕಡಿಮೆ ನೀರು ಹಾಕಿದವನು ಅವನೇ.

ನೀಮಾ ಓಡಿ ನಡುವೆ ಬಂದಳು. "ಅಜ್ಜಿ, ಹೊಡಿಬ್ಯಾಡ್ರಿ! ಇವತ್ತು ನನ್ನ ಹುಟ್ಟಿದ ದಿನ. ನಮ್ಮೂರಾಗ ಹಿಂಗ ಮಾಡ್ತಾರ್ರಿ. ನಾನ ಹೇಳಿದ್ದೆ."

ಅಜ್ಜಿಯ ಕಡಗೋಲು ಗಾಳಿಯಲ್ಲೇ ನಿಂತಿತು. ಮೇಲಿನಿಂದ ಕೆಳಗಿನವರೆಗೆ ನೀಮಾಳನ್ನು ನೋಡಿದರು. ಆಮೇಲೆ ಬೈಗಳು ಶುರುವಾಯಿತು, ಈ ಸಲ ನಮಗಲ್ಲ.

"ಏ ಹುಡುಗಿ! ತಲಿ ಐತೇನ ನಿನಗ? ಹುಟ್ಟಿದ ದಿನ ಉಟ್ಟ ಬಟ್ಟಿ ಮ್ಯಾಲೆ ತಣ್ಣೀರು ಸುರುವಿಸ್ಕೊಂಡು ನಿಂತೀಯಲ್ಲ! ಇಲ್ಲಿ ಹೆಣದ ಮಣ್ಣಿಗೆ ಹೋಗಿ ಬಂದವರು ಹಿಂಗ ನೀರು ಹಾಕ್ಕೊಂತಾರ, ಗೊತ್ತೈತೇನ? ಇಷ್ಟು ದಿನ ನನ್ನ ಕೈಯಾಗ ಉಂಡೀ, ಇವತ್ತು ನನ್ನ ಹುಟ್ಟಿದ ದಿನ ಅಂತ ಒಂದು ಮಾತು ಹೇಳಾಕ ಏನಾಗಿತ್ತು ನಿನಗ? ಬಾಯಾಗ ಏನು ಕಡುಬು ಇಟ್ಕೊಂಡಿದ್ದೇನ? ಎಣ್ಣಿ ಇಲ್ಲ, ಆರತಿ ಇಲ್ಲ, ಇಲಿ ತೊಯ್ದಂಗ ತೊಯ್ದು ನಿಂತಾಳ! ನಿಮ್ಮವ್ವ ನೋಡಿದ್ರ ನನ್ನ ಏನನ್ಕೊಂಡಾಳು?"

ಮುಗಿಯಿತು ಅಂದುಕೊಂಡೆ. ಎಂದೂ ಬೈಸಿಕೊಳ್ಳದವಳು ಹುಟ್ಟುಹಬ್ಬದ ದಿನವೇ ಬೈಸಿಕೊಂಡಳು, ಇನ್ನು ಮೇ ತಿಂಗಳವರೆಗೂ ನಿಲ್ಲುವುದಿಲ್ಲ, ನಾಳೆಯೇ ಹೊರಡುತ್ತಾಳೆ. ನಾನು ಮೆಲ್ಲಗೆ ಅವಳ ಕೈ ಹಿಡಿದೆ. ಅವಳು ನನ್ನ ಕಿವಿಯ ಹತ್ತಿರ ಬಾಗಿ ಇಂಗ್ಲಿಷಿನಲ್ಲಿ ಪಿಸುಗುಟ್ಟಿದಳು.

"ಸುಮಾ, ಅಜ್ಜಿ ನನ್ನನ್ನು ಬೈದರು."

ಆ ಮುಖದಲ್ಲಿದ್ದ ಖುಷಿಯನ್ನು ನಾನು ಹೇಗೆ ಹೇಳಲಿ! ರ್‍ಯಾಂಕ್ ಬಂದವರ ಮುಖ ಕೂಡ ಹಾಗಿರುವುದಿಲ್ಲ.

"ಏನ್ ಪಿಸಿಪಿಸಿ? ನಡಿ ಬಚ್ಚಲಕ" ಎಂದು ಅಜ್ಜಿ ಅವಳ ರಟ್ಟೆ ಹಿಡಿದರು. ಸೊಂಟದಿಂದ ಬೀಗದ ಕೈ ತೆಗೆದು ನನ್ನ ಕಡೆ ಎಸೆದರು. "ಸಂಪು ತಗಿ. ಹಂಡೆ ತುಂಬಿಸು. ಒಲಿ ಹಚ್ರಿ."

"ಅಜ್ಜಿ, ನೀರು ತಳದಾಗ ಅದಾವು. ಮತ್ತ ಯಾವಾಗ ಬಿಡ್ತಾರೋ..."

"ನೀ ಬಾಯ್ಮುಚ್ಚು. ಸಾಲದಿದ್ರ ಈ ವಾರ ನೀನು ತಲಿ ಎರಕೊಳ್ಳಂಗಿಲ್ಲ, ಅಷ್ಟ."

ತಿಪ್ಪೇಶ ಮೆಕ್ಕೆಜೋಳದ ಒಣ ಬೆಂಡುಗಳನ್ನು ತಂದು ಒಲೆಗೆ ತುಂಬಿದ. ಅಜ್ಜಿ ಬಟ್ಟಲಿನಲ್ಲಿ ಎಣ್ಣೆ ಬೆಚ್ಚಗೆ ಮಾಡಿ ತಂದು ನೀಮಾಳ ತಲೆಯ ಮುಂದೆ ಕೂತು ಒಂದು ಗಳಿಗೆ ದಿಕ್ಕು ತೋಚದೆ ಹೋದರು. ಅಷ್ಟು ಬಿಗಿ ಜಡೆಗಳು. "ಇದರಾಗ ಬಟ್ಟು ಎಲ್ಲಿ ಇಡೋದು?" ಎಂದು ಗೊಣಗಿದರು. ನೀಮಾ ಅವರ ಬೆರಳು ಹಿಡಿದು ಜಡೆಯ ಸಾಲುಗಳ ನಡುವೆ ಇಟ್ಟಳು. ತನ್ನ ಅಜ್ಜಿಯೂ ಹೀಗೇ ಹಚ್ಚುತ್ತಾಳೆ ಅಂದಳು. ಅಜ್ಜಿ ಜೋಳದ ಸಾಲಿನಲ್ಲಿ ಬೀಜ ಬಿಟ್ಟ ಹಾಗೆ ಒಂದೊಂದೇ ಸಾಲಿಗೆ ಎಣ್ಣೆ ಬಿಡುತ್ತ ಹೋದರು. ಆಮೇಲೆ ಗಂಡುಹುಡುಗರನ್ನು ಹೊರಗಟ್ಟಿ, ಬಚ್ಚಲಲ್ಲಿ ಕೂರಿಸಿ, ಬಿಸಿನೀರು ಎರೆದರು. ತಂಬಿಗೆಯಲ್ಲಲ್ಲ, ಬಾಣಂತಿಗೆ ಎರೆಯುವ ದೊಡ್ಡ ಬೋಗುಣಿಯಲ್ಲಿ. ಒಂದು ತಂಬಿಗೆಗೆ ನನ್ನಪ್ಪನನ್ನು ಎಳೆದು ತರುವ ಮುದುಕಿ, ಹಂಡೆ ಮುಗಿದರೂ "ಇನ್ನೊಂದು ಕೊಡ ತಾ" ಎನ್ನುತ್ತಿದ್ದರು. ಒಳಗಿನಿಂದ ಬೈಗಳೂ ಹೊಗೆಯೂ ಒಟ್ಟಿಗೇ ಬರುತ್ತಿದ್ದವು. "ಕಣ್ ಮುಚ್ಚು. ಕಣ್ ಮುಚ್ಚು ಅಂದ್ರ ತಿಳಿಯಂಗಿಲ್ಲೇನ? ಅಲುಗ್ಯಾಡಬ್ಯಾಡ!"

ಕಾಲೇಜಿನ ಮೊದಲ ಪಿರಿಯಡ್ಡು ಹೋಯಿತು, ಎರಡನೆಯದೂ ಹೋಯಿತು. ನೀಮಾ ಅಜ್ಜಿಯ ಇಳಕಲ್ ಸೀರೆಯನ್ನು ಸುತ್ತಿಕೊಂಡು ಪಡಸಾಲೆಯಲ್ಲಿ ಕೂತಳು. ಅಜ್ಜಿ ಆರತಿ ಬೆಳಗಿ, ಬಾಯಿಗೆ ಸಕ್ಕರೆ ಹಾಕಿ, ತೋರುಬೆರಳು ಎತ್ತಿದರು. "ಮುಂದಿನ ವರ್ಷ ಹಿಂದಿನ ದಿನಾನ ಹೇಳಬೇಕು. ಹೋಳಿಗಿ ಮಾಡಬೇಕಂದ್ರ ಬ್ಯಾಳಿ ತರಬೇಕು, ಒಮ್ಮಿಗೇ ಆಗ್ತೈತೇನು? ತಿಳೀತಾ?"

"ತಿಳೀತ್ರಿ ಅಜ್ಜಿ" ಅಂದಳು ನೀಮಾ.

ಮುಂದಿನ ವರ್ಷ! ನಾನು ಅವಳ ಮುಖ ನೋಡಿದೆ. ಅವಳು ನನ್ನ ಕಡೆ ನೋಡಲಿಲ್ಲ. ಸುಮ್ಮನೆ ಅಜ್ಜಿಯ ಮನಸ್ಸಿಗೆ ಹೇಳಿದಳೋ, ನಿಜವಾಗಿ ಹೇಳಿದಳೋ, ಕೇಳುವ ಧೈರ್ಯ ನನಗಾಗಲಿಲ್ಲ. ಸಿಟ್ಟಿಗೆ ಬೇಕಾದಷ್ಟು ಧೈರ್ಯವಿದೆ, ಇಂಥದಕ್ಕೆ ಇಲ್ಲ.

ಗುರುಶಾಂತ ಓಣಿಯ ಕೊನೆಯಿಂದ ಮಂಡಕ್ಕಿ ಮಿರ್ಚಿ ತಂದ. ಎಲ್ಲರೂ ತಿಂದೆವು. ಅರ್ಚನಾ ಮಿರ್ಚಿಯ ಎಣ್ಣೆ ಮೆತ್ತಿದ ಬೆರಳುಗಳನ್ನು ನೀಮಾಳ ಕೆನ್ನೆಗೆ ಒರೆಸಿ ಓಡಿದಳು. ನೀಮಾ ಸೀರೆ ಎತ್ತಿಕೊಂಡು ಅಂಗಳದ ತುಂಬ ಅವಳನ್ನು ಅಟ್ಟಿಸಿಕೊಂಡು ಹೋದಳು. ಆಮೇಲೆ ಬಟ್ಟೆ ಬದಲಿಸಲು ನಾವಿಬ್ಬರೂ ಕೋಣೆಗೆ ಬಂದೆವು. ಬಾಗಿಲ ಪಕ್ಕ ಸೂಟ್‌ಕೇಸು ಇನ್ನೂ ನಿಂತೇ ಇತ್ತು. ನಾನು ಅದನ್ನು ನೋಡದವಳ ಹಾಗೆ ಬ್ಯಾಗಿಗೆ ಪುಸ್ತಕ ತುಂಬತೊಡಗಿದೆ.

ನೀಮಾ ನನ್ನ ಮಂಚದ ಹತ್ತಿರ ಬಂದು ಕೈ ಚಾಚಿದಳು.

"ನನ್ನ ಕೆಟಲ್ ಕೊಡು."

"ಯಾವ ಕೆಟಲ್?"

"ನಂದು. ರಜೆ ಮುಗಿಸಿ ಬಂದ ಮೇಲೆ ನನಗೆ ಬೇಕು. ಪರೀಕ್ಷೆಗೆ ನೀನು ಅಳುತ್ತೀಯಲ್ಲ, ಟೀ ಯಾವುದರಲ್ಲಿ ಕಾಸಲಿ?"

ಅತ್ತರೆ ಮರ್ಯಾದೆ ಹೋಗುತ್ತದೆ ಎಂದು ಕೆಟಲನ್ನು ಎದೆಗೆ ಅವಚಿಕೊಂಡೆ. "ಕೊಡಂಗಿಲ್ಲ. ಕೊಟ್ಟಿದ್ದನ್ನ ವಾಪಸ್ ಕೇಳ್ತಾರೇನ್ಲೇ? ನಾಚಿಗಿ ಬರಂಗಿಲ್ಲ ನಿನಗ?"

"ಇಲ್ಲ, ಬರಂಗಿಲ್ಲ!" ಎಂದು ಅವಳು ಕನ್ನಡದಲ್ಲೇ ಕೂಗಿ ಕೆಟಲಿನ ಹಿಡಿ ಎಳೆದಳು. ನಾನು ಮೂತಿ ಹಿಡಿದು ಎಳೆದೆ. ಒಂದೇ ಕೋಣೆಯಲ್ಲಿ ಇಷ್ಟು ದಿನ ಇದ್ದು ನಾವು ಜಗಳ ಆಡಿದ್ದು ಅದೇ ಮೊದಲು.

"ಏನ್ರೇ ಅದು ಗದ್ಲ?" ಅಡುಗೆಮನೆಯಿಂದ ಅಜ್ಜಿಯ ದನಿ ಬಂತು. "ಸುಮ್ನ ಕಾಲೇಜಿಗೆ ಹೋಗ್ತೀರೋ, ಇಲ್ಲಾ ಕಡಗೋಲು ತರಲೋ, ಇಬ್ರಿಗೂ?"

ಇಬ್ರಿಗೂ ಎನ್ನುವುದು ಕೇಳಿ ನೀಮಾ ನಗಲು ಶುರು ಮಾಡಿದಳು, ಹಿಡಿ ಮಾತ್ರ ಬಿಡಲಿಲ್ಲ. ಕಡೆಗೆ ನಾನೇ ಬಿಟ್ಟುಕೊಟ್ಟೆ. ಅವಳು ಕೆಟಲನ್ನು ಸೆರಗಿನಿಂದ ಒರೆಸಿ, ಕಿಟಕಿಯ ಕಟ್ಟೆಯ ಮೇಲೆ ಅದರ ಹಳೆಯ ಜಾಗದಲ್ಲಿಟ್ಟು, ಕಾಲಿನಿಂದ ಸೂಟ್‌ಕೇಸನ್ನು ಮಂಚದ ಕೆಳಗೆ ನೂಕಿದಳು.